ಒಡಲೋಲೆ ಇಲ್ಲದ ಕೂಸು

ಗದಗ, ಫೆಬ್ರವರಿ 30, 2187

ಪ್ರಿಯ ಪೂರ್ವಿಕರೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದಕ್ಕೆ ನ್ಯಾಯ ಸಿಗಬೇಕೆಂದು ದೊಡ್ಡ ಹೋರಾಟವೇ ನಡೆದಿತ್ತು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಳಿದುಬಂದ ಲಗ್ನಪತ್ರಿಕೆಗಳಿಂದ. ಆದ್ದರಿಂದ ಇದನ್ನೇ ವೈಯಕ್ತಿಕ ಕ್ಷಮಾಪಣೆಯೆಂದು ಭಾವಿಸಿ, ಸಹಕುಟುಂಬ ಸಪರಿವಾರ ಓದಬೇಕಾಗಿ ವಿನಂತಿ.

ನಾನು ಸಂಗನಬಸವ. ಗಾಳಿಯಂತ್ರಗಳಿಗೆ ಎಣ್ಣೆ ಹಾಕುವುದು ಒಂದು ಕೆಲಸ, ಹತ್ತೊಂಬತ್ತು ದಿನದ ಮಗಳಿಗೆ ಅಪ್ಪನಾಗಿರುವುದು ಇನ್ನೊಂದು. ಮೊದಲನೆಯದಕ್ಕೆ ತರಬೇತಿ ಕೊಟ್ಟಿದ್ದರು.

ನಮ್ಮಲ್ಲಿ ಮಗು ಹುಟ್ಟಿದ ಗಳಿಗೆಯಲ್ಲೇ ಅರಿಗಣ್ಣು ಎಂಬ ಯಂತ್ರ ಅದರ ಮೈಯನ್ನೆಲ್ಲ ಓದಿ ಒಡಲೋಲೆ ಬರೆದುಕೊಡುತ್ತದೆ. ಯಾವ ಹಲ್ಲು ಹುಳುಕಾದೀತು, ಯಾವ ವಯಸ್ಸಿಗೆ ತಲೆ ಬೋಳಾದೀತು, ಬದನೆಕಾಯಿ ತಿಂದರೆ ಮೈ ತುರಿಸೀತೇ, ಎಲ್ಲವೂ ಅದರಲ್ಲಿರುತ್ತದೆ. ತೊಟ್ಟಿಲಿಗೆ ಹಾಕುವ ದಿನ ಅದನ್ನು ನೆಂಟರೆದುರು ಗಟ್ಟಿಯಾಗಿ ಓದಿದ ಮೇಲೆಯೇ ಹೆಸರಿಡುವುದು. ನೂರು ವರ್ಷದಲ್ಲಿ ಒಂದು ಒಡಲೋಲೆಯೂ ತಪ್ಪಿಲ್ಲ. ಹೀಗಾಗಿ ಕೂಸುಗಳ ಬಗ್ಗೆ ಊಹಿಸುವ ಕಲೆಯೇ ನಮ್ಮಲ್ಲಿ ಅಳಿದುಹೋಗಿದೆ. ನಮ್ಮ ಅತ್ತೆಯಂದಿರಿಗೆ ಬಿಟ್ಟಿ ಸಲಹೆ ಕೊಡಲು ಬರುವುದಿಲ್ಲ. ನಂಬಿ, ಇದು ನೀವೆಣಿಸುವಷ್ಟು ಸುಖವಲ್ಲ.

ನನ್ನ ಮಗಳ ಒಡಲೋಲೆಯಲ್ಲಿ ಎರಡೇ ಸಾಲು ಬಂದವು. ಜೀವಕ್ಕೆ ಅಪಾಯ: ಇದೆ. ಕಾರಣ: ಗೊತ್ತಿಲ್ಲ.

ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಅವಳು ದಣಿಯುತ್ತಾಳೆ. ಹಣೆಯ ಮೇಲೆ ಬೆವರು ಮೂಡುತ್ತದೆ. ತುಟಿ ನೇರಳೆ ಹಣ್ಣು ತಿಂದ ಹಾಗಾಗುತ್ತದೆ. ಮೂರು ಊರುಗಳಿಂದ ವೈದ್ಯರು ಬಂದರು. ಮಗುವಿಗಿಂತ ಹೆಚ್ಚು ಹೊತ್ತು ಅವರು ನೋಡಿದ್ದು ‘ಗೊತ್ತಿಲ್ಲ’ ಎಂಬ ಪದವನ್ನು. ಒಬ್ಬರು ಅದರ ಪಕ್ಕ ನಿಂತು ಫೋಟೊ ಕೂಡ ತೆಗೆಸಿಕೊಂಡರು. ಅವರಲ್ಲಿ ಹಿರಿಯರೊಬ್ಬರು ಮಾತ್ರ, “ನಮಗ ಓದಾಕ ಕಲಿಸ್ಯಾರ್ರೀ, ನೋಡಾಕ ಕಲಿಸಿಲ್ಲ,” ಎಂದು ಒಪ್ಪಿಕೊಂಡರು. ಆಮೇಲೆ ನನ್ನ ಹೆಂಡತಿ ನೀಲಾಂಬಿಕೆಗೆ ಕೈಮುಗಿದು, “ನಿಮಗ ಏನರ ಕಂಡ್ರ ನಮಗೂ ಹೇಳ್ರೆವಾ,” ಎಂದರು. ರೋಗದ ಹೆಸರು ತಿಳಿಯುವ ತನಕ ತೊಟ್ಟಿಲ ಕಾರ್ಯ ಬೇಡವೆಂದು ನೆಂಟರು ಸಭ್ಯವಾಗಿ ಮನೆಗೆ ಹೋದರು.

ಹದಿನೈದನೆಯ ದಿನ ನನ್ನ ಅಕ್ಕ ದಾನವ್ವ ಬಂದಿಳಿದಳು.

“ಲೇ ತಮ್ಮಾ, ಹೆಸರಿಡೂದು ಕೂಸಿಗೋ, ಅದರ ರೋಗಕ್ಕೋ?”

“ಒಡಲೋಲಿ ಇಲ್ಲಲ್ಲಕ್ಕಾ...”

“ನಿನ್ನ ಒಡಲೋಲ್ಯಾಗ ‘ಬುದ್ಧಿ ತಡಾ ಬರತೈತಿ’ ಅಂತ ಬರದಿತ್ತು. ಅದನ್ನೋದಿ ಅಪ್ಪ ನಿನಗ ಹೆಸರಿಡೂದು ಬಿಟ್ಟನೇನು? ಸರಿ ಅತ್ತಾಗ.”

ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವ ಪದ್ಧತಿ ನಿಮ್ಮಿಂದಲೇ ಬಂದದ್ದು. ಅದನ್ನು ಈವರೆಗೆ ಯಾವ ಯಂತ್ರವೂ ಸುಧಾರಿಸಿಲ್ಲ. ನೆಂಟರಿಲ್ಲದ್ದರಿಂದ ಗುದ್ದಲು ಓಣಿಯ ಹೆಂಗಸರೇ ಬಂದರು, ಮಗಳು ಮಹಾನಂದಾ ಆದಳು. ಹದಿನೈದು ದಿನ ನಗುವನ್ನೇ ಮರೆತಿದ್ದ ನೀಲಾಂಬಿಕೆಯ ಗುದ್ದು ಎಲ್ಲರದಕ್ಕಿಂತ ಜೋರಾಗಿತ್ತು.

ಆ ಗದ್ದಲದಲ್ಲಿ ನನ್ನ ಮುತ್ತಜ್ಜಿ ಸಂಕವ್ವ, ವಯಸ್ಸು ನೂರಿಪ್ಪತ್ತಾರು, ಹಲ್ಲೆಲ್ಲ ಸ್ವಂತದವು, ತನ್ನ ಪೆಟ್ಟಿಗೆಯಿಂದ ಒಂದು ತಾಯಿ ಕಾರ್ಡ್ ತಂದು ನನ್ನ ಕೈಗಿಟ್ಟಳು. ನಿಮ್ಮ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಕೊಡುತ್ತಿದ್ದಿರಲ್ಲ, ಅದೇ. ಅವಳ ಅಜ್ಜಿಯದಂತೆ. ಅಂಚಿನಲ್ಲಿ ಪೆನ್ನಿನಿಂದ ಬರೆದಿತ್ತು: ‘ಕುಡಿಯುವಾಗ ಬೆವರತಾಳ. ಡಾಕ್ಟರಿಗೂ ತಿಳಿವಲ್ದು. ನೆಟ್ಟಗ ಎತ್ತಿ ಹಿಡದು ಕುಡಿಸಿದರ ಇನ್ನೂ ಆರು ಗುಟುಕು. ಯಾಕೋ ಗೊತ್ತಿಲ್ಲ.’

“ಆ ಕೂಸು ಮುಂದ ಏನಾತು, ಆಯಿ?”

“ಆಕಿ ನಮ್ಮವ್ವನ ಅಕ್ಕ ಅಂತ. ಉಳದಳೋ ಇಲ್ಲೋ, ನನಗ್ಯಾರೂ ಹೇಳಿಲ್ಲಪಾ. ನೀ ಮೊದಲ ನಿನ್ನ ಕೂಸಿನ್ನ ನೆಟ್ಟಗ ಹಿಡಿ.”

ಹಿಡಿದೆವು. ಮಹಾನಂದಾ ಹತ್ತು ಗುಟುಕು ಕುಡಿದಳು. ಹಿರಿಯ ವೈದ್ಯರಿಗೆ ಹೇಳಿದಾಗ ಅವರು ಎದ್ದು ನಿಂತು ಬರೆದುಕೊಂಡರು. ಅಪಾಯ ಕಳೆದಿಲ್ಲ, ನಿನ್ನೆಯೂ ಅವಳ ತುಟಿ ಎರಡು ಸಲ ಕಪ್ಪಿಟ್ಟಿತು. ಆದರೆ ಹತ್ತು ಗುಟುಕು ಎಂದರೆ ಹತ್ತು ಗುಟುಕು.

ಪೂರ್ವಿಕರೇ, ನಾವು ಸಾಮಾನ್ಯರಲ್ಲ. ಚಂದ್ರನ ಮೇಲೆ ಮೆಣಸಿನಕಾಯಿ ಬೆಳೆದಿದ್ದೇವೆ. ಬ್ಯಾಡಗಿಯಷ್ಟು ಕೆಂಪಲ್ಲ, ಆ ಮಾತು ಬೇರೆ. ಆದರೆ ‘ಯಾಕೋ ಗೊತ್ತಿಲ್ಲ’ ಎಂದು ಬರೆದ ಕೈಯೇ ಪೆನ್ನು ಕೆಳಗಿಟ್ಟು ಮತ್ತೆ ಕೂಸನ್ನು ಎತ್ತಿಕೊಂಡಿತಲ್ಲ, ಅದರ ಮುಂದೆ ನಮ್ಮ ಮೆಣಸಿನಕಾಯಿ ಯಾವ ಲೆಕ್ಕ. ಒಳಗೇನಿದೆಯೆಂದು ಏನೇನೂ ತಿಳಿಯದ ಒಂದು ಜೀವವನ್ನು ನೀವು ಟವಲಿನಲ್ಲಿ ಸುತ್ತಿ, ಆಟೋದಲ್ಲಿ ಕೂತು ಮನೆಗೆ ತರುತ್ತಿದ್ದಿರಿ. ಒಡಲೋಲೆ ಇಲ್ಲದೆ! ಮೇಲೆ ಪೇಢಾ ಬೇರೆ ಹಂಚುತ್ತಿದ್ದಿರಿ! ಇಷ್ಟು ಧೈರ್ಯದ ಜನ ಭೂಮಿಯ ಮೇಲೆ ಓಡಾಡಿದ್ದರೆಂದು ನಮ್ಮ ಪಠ್ಯಪುಸ್ತಕಗಳು ಎಲ್ಲಿಯೂ ಹೇಳುವುದಿಲ್ಲ. ಅವು ನಿಮ್ಮ ಪ್ಲಾಸ್ಟಿಕ್ಕಿನ ಬಗ್ಗೆ ಮಾತ್ರ ಹೇಳುತ್ತವೆ.

ಕಾರ್ಡಿನ ಅಂಚು ಚಿಕ್ಕದು, ಬರಹ ಅಲ್ಲಿಗೇ ನಿಂತಿದೆ. ಉಳಿದದ್ದನ್ನು ನೀವು ಹೇಳಬೇಕು. ಏನಾಗಿದೆಯೆಂದು ತಿಳಿಯದ ಕೂಸನ್ನು ಯಾವ ಮಗ್ಗುಲಿಗೆ ಮಲಗಿಸಿದಿರಿ, ಬೆವರಿದಾಗ ಏನು ಮಾಡಿದಿರಿ, ನಿಮಗೇ ಅಳು ಬಂದಾಗ ಎಲ್ಲಿಗೆ ಹೋಗಿ ಅತ್ತು ಬಂದಿರಿ? ಫಲಿಸಿದ್ದನ್ನು ಬರೆಯಿರಿ, ಫಲಿಸದ್ದನ್ನೂ ಬರೆಯಿರಿ. ಈ ಪತ್ರ ತರುವ ಹಿಂದಂಚೆ ಕಾಲದಲ್ಲಿ ಹಿಂದಕ್ಕಷ್ಟೇ ಹೋಗುತ್ತದೆ, ಮುಂದಕ್ಕೆ ಬರುವುದಿಲ್ಲ. ಆದ್ದರಿಂದ ನಿಮ್ಮ ಉತ್ತರವನ್ನು ಮನೆಯ ಕಪಾಟಿನಲ್ಲೋ ಪೆಟ್ಟಿಗೆಯಲ್ಲೋ ಇಟ್ಟುಬಿಡಿ. ಹುಡುಕಿಕೊಳ್ಳುವ ಕೆಲಸ ನಮ್ಮದು.

ನಿಮಗೆ ಅವಸರವಿಲ್ಲ, ಮುಂದೆ ನೂರರವತ್ತು ವರ್ಷ ಬಿದ್ದಿದೆ. ನಮಗಿರುವುದು ಮುಂದಿನ ಸಲ ಹಾಲು ಕೊಡುವ ತನಕ.

ಇಂತು,
ಮಹಾನಂದಾಳ ಅಪ್ಪ