ಮರಳುದಿಬ್ಬದ ಮೇಲೊಂದು ಬೊಟ್ಟು

೧೨ ಅಕ್ಟೋಬರ್ ೧೯೯೯, ಮಂಗಳವಾರ. ಕೋಟೋ, ಟೋಕಿಯೋ.

ಮೇಲಿನ ಮನೆಯ ಹಯಾಶಿ ಸಾನ್ ಇನ್ನೂ ಫೋನ್ ಮಾಡಿಲ್ಲ. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತಾಗಲೆಲ್ಲ ಅವರೇ ಬಂದರೇನೋ ಎಂದು ಎದ್ದು ಬಾಗಿಲ ಬಳಿ ಹೋಗುತ್ತೇನೆ.

ಮಧ್ಯಾಹ್ನ ನನ್ನನ್ನೂ ಮಕ್ಕಳನ್ನೂ ಚಹಾಕ್ಕೆ ಕರೆದಿದ್ದರು. ತೀರಿಕೊಂಡ ಗಂಡ ಫ್ರಾನ್ಸಿನಿಂದ ತಂದಿದ್ದ ಚಿತ್ರವನ್ನು, ಹೊಸ ಚೌಕಟ್ಟು ಹಾಕಿಸಲೆಂದು ಗಾಜು ತೆಗೆದು ಮೇಜಿನ ಮೇಲಿಟ್ಟಿದ್ದರು. ಯಾರೋ ಫ್ರೆಂಚ್ ಕಲಾವಿದ ಇದ್ದಿಲಿನಲ್ಲಿ ಬರೆದ ಕಡಲತೀರದ ಮರಳುದಿಬ್ಬಗಳು. ಗಾಳಿಗೆ ಬಾಗಿದ ಹುಲ್ಲು, ಮೇಲೆ ಏನೂ ಇಲ್ಲದ ಬಿಳಿ ಆಕಾಶ. ಉಸಿರು ತಾಗಿದರೂ ಪುಡಿ ಏಳುತ್ತದೆಂದು ಅವರು ಬಾಯಿಗೆ ಕೈ ಅಡ್ಡ ಹಿಡಿದೇ ತೋರಿಸಿದರು. ನಾನು ಎಷ್ಟು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ ಎಂದು ಹೇಳಿದ್ದೇ ಹೇಳಿದ್ದು.

ಸಂಜೆ ಪಾಪುವಿನ ಕೆನ್ನೆಗೆ ಕಾಡಿಗೆ ಇಡುತ್ತಿದ್ದೆ. ಹರ್ಷಿಣಿ ಪಕ್ಕದಲ್ಲಿ ಕೂತು, “ಅಮ್ಮಾ, ಪಿಕ್ಚರ್‌ಗೂ ಐ ಪುಟ್ ಒನ್. ಸ್ಕೈನಲ್ಲಿ,” ಎಂದಳು.

“ಯಾಕೆ ಪುಟ್ಟಾ?”

“ನೀನೇ ಚೆನ್ನಾಗಿದೆ ಅಂದ್ಯಲ್ಲ. ದೃಷ್ಟಿ ಆಗತ್ತೆ.”

ದಿಬ್ಬದ ಕಪ್ಪನ್ನೇ ಬೆರಳಿಗೆ ಒತ್ತಿಕೊಂಡು ಇಟ್ಟಳಂತೆ.

ಉದಯ್, ಎರಡು ಸಾವಿರ ಇಸವಿ ಹುಟ್ಟಿದಾಗ ಕಂಪ್ಯೂಟರುಗಳು ಕೈಕೊಡದಂತೆ ವೈಟೂಕೆ ಟೆಸ್ಟಿಂಗ್ ಎಂದು ಇನ್ನೂ ಆಫೀಸಿನಲ್ಲಿದ್ದಾರೆ. ಫೋನಿನಲ್ಲಿ, “ಅವರು ನೋಡೋಕ್ ಮುಂಚೆ ಹೋಗಿ ಸಾರಿ ಕೇಳಿಬಿಡು,” ಎಂದರು.

ರಿಸೀವರ್ ಇಟ್ಟ ಮೇಲೆ ನೆನಪಾಯಿತು. ಹೊರಡುವಾಗ ಹಯಾಶಿ ಸಾನ್ ಬಾಗಿಲಲ್ಲಿ ಮಂಡಿಯೂರಿ, ಹರ್ಷಿಣಿಯ ಒಂದೇ ಒಂದು ಬೆರಳನ್ನು ಒದ್ದೆ ಟವಲಿನಿಂದ ಒರೆಸಿದ್ದರು. ಟವಲನ್ನು ಕಪ್ಪು ಒಳಗಾಗುವಂತೆ ಮಡಿಸಿ ನನ್ನನ್ನು ನೋಡಿ ನಕ್ಕಿದ್ದರು. ನಾನು ಚಾಕೊಲೇಟ್ ಎಂದುಕೊಂಡು, ಬಗ್ಗಿ ಅರಿಗಾತೋ ಎಂದು ಧನ್ಯವಾದ ಹೇಳಿ ಬಂದಿದ್ದೆ.

ಆಗಲೇ ನೋಡಿದ್ದಾರೆ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ನಾಳೆ ಬಾಗಿಲು ತೆಗೆದು ಮತ್ತೆ ಹಾಗೆಯೇ ನಕ್ಕರೆ ಸಾರಿ ಎಂದು ಹೇಗೆ ಕೇಳಲಿ?