ಕರಿ ಕಾರು, ಬಿಳಿ ಕಾರು ಮತ್ತು ಹಿಂದಿನ ಸೀಟು

ಬುಧವಾರ, ಮಧ್ಯಾಹ್ನ
ಮಾವನ ಗ್ಯಾರೇಜು, ಕಾಲು ಅಲ್ಲಾಡುವ ಬೆಂಚು

ಪರಮಪೂಜ್ಯ ಅಕ್ಕನ ಸನ್ನಿಧಾನಕ್ಕೆ, ತಮ್ಮನಾದ ನಾನು ನಡು ಬಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

ನೀನು ಒಪ್ಪಿಸಿದ ಕೆಲಸ ಮುಗಿದಿದೆ. "ಬಾಯಿಮಾತು ಬೇಡ, ಸಹಿ ಹಾಕಿ ಬರೆದು ಕಳಿಸು, ಇದೊಂದು ಸಲ ನಿನ್ನ ಮಂಗಾಟ ಬೇಡ ಕಣೋ" ಅಂದಿದ್ದೆಯಲ್ಲ, ಹಾಗೇ ಆಗಲಿ. ನಿನ್ನ ಶಾಂಪೂ ಬಾಟಲಿಗೆ ಜೇನುತುಪ್ಪ ತುಂಬಿದ ಆ ಮನುಷ್ಯ ಈಗಿಲ್ಲ. ಇದನ್ನು ಬರೆಯುತ್ತಿರುವವನು ಘನತೆವೆತ್ತ ಪರೀಕ್ಷಾಧಿಕಾರಿ.

ಸೋಮವಾರ ನೀನು ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕು. ಅಲ್ಲಿಗೆ ಬಸ್ಸಿಲ್ಲ. ಏರನ್ನು ಬೇಗ ಹತ್ತುವ ಕಾರೇ ನಿನ್ನದು ಎಂಬ ನಿಯಮ ನೀನೇ ಹಾಕಿದ್ದು.

ಮಾವನ ಹತ್ತಿರ ಇರುವ ಕಾರು ಎರಡು, ಎರಡೂ ಬೇರೆಯವರು ಓಡಿಸಿ ಬಿಟ್ಟ ಸೆಡಾನ್‌ಗಳು. ಎರಡರಲ್ಲೂ ಎಂಜಿನ್ ಮುಂದೆ, ಅದರ ಬಲವೆಲ್ಲ ಹಿಂದಿನ ಚಕ್ರಗಳಿಗೆ. "ಮುಂದಿನ ಚಕ್ರ ದಾರಿ ನೋಡ್ಕೊಳ್ಳುತ್ತೆ, ಹಿಂದಿನದು ದೂಡುತ್ತೆ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸಲ್ಲ, ನಮ್ಮ ಮನೆ ಥರ ಅಲ್ಲ" ಅನ್ನುತ್ತಾರೆ ಮಾವ.

ಕರಿಯದು ಹಲ್ಲಿನ ಡಾಕ್ಟರದ್ದು. ಎರಡು ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ, ನೂರ ಎಂಬತ್ತನಾಲ್ಕು ಕುದುರೆಗಳ ಬಲ. ಗೇರು ತಾನೇ ಬದಲಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ಯೋಚಿಸಿ, ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಹೊರಡುತ್ತದೆ. ಬಿಳಿಯದು ಡ್ರಾಯಿಂಗ್ ಮೇಷ್ಟ್ರದ್ದು. ಎರಡೂವರೆ ಲೀಟರ್, ಸಾಲಾಗಿ ನಿಂತ ಆರು ಸಿಲಿಂಡರ್, ನೂರ ತೊಂಬತ್ತು ಕುದುರೆ. ಆರು ಗೇರನ್ನೂ ಕೈಯಲ್ಲೇ ಹಾಕಬೇಕು. ಅದು ಯೋಚಿಸುವುದಿಲ್ಲ, ಗುನುಗುತ್ತಾ ಏರುತ್ತದೆ. ಬ್ರೇಕಿನಲ್ಲಿ ಎರಡೂ ಸಮ. ಡಿಕ್ಕಿ ಬಿಳಿಯದರದ್ದೇ ದೊಡ್ಡದು. ನಾನೇ ಒಳಗೆ ಮಲಗಿ ನೋಡಿದ್ದೇನೆ.

ಪರೀಕ್ಷೆ ನೀರಿನ ಟ್ಯಾಂಕಿನ ಏರಿನಲ್ಲಿ. ಓಡಿಸಿದವರು ಮಾವ, ಸಮಯ ಹಿಡಿದವನು ನಾನು. ಮೂರು ಮೂರು ಸಲ. ಕರಿಯದು ಮೂವತ್ತೊಂದು ಸೆಕೆಂಡು, ಬಿಳಿಯದು ಮೂವತ್ತನಾಲ್ಕು. ಆದ್ದರಿಂದ ಕರಿ ಕಾರೇ ನಿನಗೆ ತಕ್ಕದ್ದೆಂದು ಎದೆ ತಟ್ಟಿ ಹೇಳುತ್ತೇನೆ.

ಒಂದು ಸಣ್ಣ ಕೊರತೆ. ಎರಡು ಹಿಂಚಕ್ರಕ್ಕೂ ಬಲ ಹಂಚುವ ಡಿಫರೆನ್ಷಿಯಲ್ ಎಂಬ ಗಡಿಗೆಯಿಂದ ಕರಿಯದರಲ್ಲಿ ಎಣ್ಣೆ ಸೋರುತ್ತಿದೆ. ಬಿಡಿಭಾಗ ಬರಲು ಹದಿನೈದು ದಿನ. ಆಸ್ಪತ್ರೆಯವರನ್ನು ಅಷ್ಟು ಸಮಯ ಕೇಳು. ಬೆಟ್ಟವೇನು ಎದ್ದು ಓಡಿಹೋಗುತ್ತದೆಯೇ? ಅಷ್ಟು ದಿನ ಮನೆಗೇ ಬಾ. ನಿನ್ನ ಮಂಚದ ಮೇಲಿದ್ದ ನನ್ನ ಸಾಮಾನೆಲ್ಲ ತೆಗೆದು, ಚಾದರವನ್ನೂ ಬದಲಿಸಿದ್ದೇನೆ.

ಇಂತಿ, ತೂಕಡಿಸದೆ ತೂಗಿ ನೋಡಿದ
ನಿನ್ನ ಪಾಪದ ತಮ್ಮ

ತಾ.ಕ.: ಅಂಚೆಗೆ ಹಾಕುವ ಮೊದಲು ಅಜ್ಜಿ ಕಾಗದ ಕಿತ್ತುಕೊಂಡು ಓದಿದಳು. "ಬಿಳಿ ಕಾರಿನಲ್ಲಿ ಮೂರು ಸಲವೂ ನಾನು ಕೂತಿದ್ದೆ ಅಂತ ಯಾಕೋ ಬರೆದಿಲ್ಲ, ಕಳ್ಳ?" ಎಂದಳು. ಕರಿಯದರಲ್ಲಿ ಅವಳಿರಲಿಲ್ಲ. ಹಿಂದಿನ ಸೀಟಿನಿಂದ "ನಿಧಾನ ಕಣೋ" ಎಂದು ಭುಜಕ್ಕೆ ಬಡಿದರೆ, ಐವತ್ತೆರಡು ವರ್ಷದ ಮಾವನ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೇಳುತ್ತದೆ. ಮಾವನಿಗೆ ಅದು ಹೊಳೆಯಲೇ ಇಲ್ಲವಂತೆ. "ಅಮ್ಮ ಯಾವಾಗ್ಲೂ ಹಿಂದೆ ಇದ್ದೇ ಇರ್ತಾಳಲ್ಲ" ಅನ್ನುತ್ತಾರೆ. ಅವಳನ್ನು ಅಲ್ಲಿ ಕೂರಿಸಿದವನು ನಾನು. ಈಗ ಅವಳನ್ನು ಇಳಿಸಿ ಬಿಳಿಯದನ್ನು ಮತ್ತೆ ಓಡಿಸಿದೆವು: ಇಪ್ಪತ್ತೊಂಬತ್ತು ಸೆಕೆಂಡು.

ಬಿಳಿ ಕಾರಿಗೆ ಯಾವ ರಿಪೇರಿಯೂ ಇಲ್ಲ, ಭಾನುವಾರವೇ ಬಂದು ಒಯ್ಯಬಹುದು. ಮಂಗಾಟವಲ್ಲ ಅಕ್ಕ, ನನಗೆ ಬೇಕಾಗಿದ್ದದ್ದು ಆ ಹದಿನೈದು ದಿನ. ಬಿಳಿಯದನ್ನೇ ತೆಗೆದುಕೋ. ಹೊರಡುವ ಮುಂಚೆ ಹಿಂದಿನ ಸೀಟು ನೋಡಿ ಅಜ್ಜಿಯನ್ನು ಇಳಿಸು. ಅವಳ ಪಕ್ಕದಲ್ಲಿ ನಾನೂ ಇರುತ್ತೇನೆ. ನನ್ನನ್ನು ಇಳಿಸಲು ಸ್ವಲ್ಪ ಹೊತ್ತು ಹಿಡಿಯಬಹುದು.