ಷಟರಿನ ಕೊಕ್ಕೆ ನನ್ನ ಬಳಿ ಇದೆ

ಮಾನ್ಯ ಇನ್ಸ್‌ಪೆಕ್ಟರ್ ಸಾಹೇಬರೇ,

ನನ್ನ ಗಂಡನ ಬಲಗೈ ಮುರಿದು ಇಂದಿಗೆ ನಲವತ್ತೊಂದು ದಿನ. ಮುರಿದವನನ್ನು ನೀವು ಠಾಣೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಚಹಾ ಕುಡಿಸಿ ಕಳಿಸಿದಿರಿ. ಪ್ರಕರಣ ಮಾತ್ರ ದಾಖಲಾಗಿಲ್ಲ. ತೆಲುಗಿನಲ್ಲಿ ಕೊಟ್ಟ ಎರಡು ದೂರುಗಳನ್ನು ಓದಿ ಬದಿಗಿಟ್ಟಿರಿ. ನೀವು ಓದಿದ್ದರಿಂದ ಏನೂ ಆಗಲಿಲ್ಲ. ಆದ್ದರಿಂದ ಈ ಸಲ ನಿಮಗೆ ಬಾರದ ಕನ್ನಡದಲ್ಲಿ, ವಿಜಯವಾಡದ ನಮ್ಮ ಕನ್ನಡಿಗರ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾವೇನೂ ಸಾಚಾಗಳಲ್ಲ. ಧಾರವಾಡದಿಂದ ವರ್ಗವಾಗಿ ಬಂದ ನನ್ನ ಗಂಡ ಶ್ರೀವತ್ಸ, ಬ್ಯಾಂಕಿನ ಗುಮಾಸ್ತಿಕೆ ಬಿಟ್ಟು ಕ್ರಿಕೆಟ್ ಬೆಟ್ಟಿಂಗಿನಿಂದಲೇ ಸಂಸಾರ ನಡೆಸುತ್ತೇನೆಂದು ಹೊರಟರು. ವರ್ಷದೊಳಗೆ ಬರಿಗೈಯಾಗಿ, ಗವರ್ನರ್‌ಪೇಟೆಯ ಟೈರ್ ಅಂಗಡಿಯಲ್ಲಿ ಬೆಟ್ಟಿಂಗ್ ನಡೆಸುವ ಸೂರ್ಯಪ್ರಕಾಶನ ಬಳಿ ಕೆಲಸಕ್ಕೆ ನಿಂತರು. ಟಿವಿಯಲ್ಲಿ ಆಟ ಕೆಲವು ಸೆಕೆಂಡು ತಡವಾಗಿ ಬರುತ್ತದಲ್ಲವೇ? ವಿಶಾಖಪಟ್ಟಣದ ಮೈದಾನದಲ್ಲಿ ಕೂತು ಇವರು ಪ್ರತಿ ಚೆಂಡಿಗೆ ಏನಾಯಿತೆಂದು ಫೋನಿನಲ್ಲಿ ಹೇಳಬೇಕು. ಅಕ್ಕಪಕ್ಕದವರಿಗೆ ತಿಳಿಯಬಾರದೆಂದು ಕನ್ನಡದಲ್ಲಿ. ಅಂಗಡಿಯಲ್ಲಿ ಕೂತ ನಾನು ಅದನ್ನೇ ತೆಲುಗಿನಲ್ಲಿ ಕೂಗಬೇಕು. ಟಿವಿ ತೋರಿಸುವಷ್ಟರಲ್ಲಿ ಸೂರ್ಯಪ್ರಕಾಶ ಬಾಜಿ ಕಟ್ಟಿ ಮುಗಿಸಿರುತ್ತಿದ್ದ. ಕನ್ನಡ ಅನ್ನ ಕೊಡುವುದಿಲ್ಲವೆಂದು ಗೋಳಾಡುವವರು ನಮ್ಮನ್ನು ನೋಡಬೇಕಿತ್ತು.

ಆ ಭಾನುವಾರ ಮಧ್ಯಾಹ್ನ ಅಂಪೈರ್ ಬೆರಳೆತ್ತಿದ. ಇವರು ಔಟ್ ಎಂದರು, ನಾನು ಕೂಗಿದೆ. ಮರುಗಳಿಗೆಯೇ ಇವರು, "ತಡಿ, ರಿವ್ಯೂ ತಗೊಂಡಾರ" ಎಂದರು. ಅದನ್ನು ನಾನು ಹೇಳಲಿಲ್ಲ. ಅಂಗಡಿಯವರೆಲ್ಲ ಕುಣಿಯುತ್ತಿದ್ದರು, ನಾನೂ ಹಿಗ್ಗಿ ಮೈಮರೆತಿದ್ದೆ. ಮರುಪರಿಶೀಲನೆಯಲ್ಲಿ ಆಟಗಾರ ಔಟಾಗಿರಲಿಲ್ಲ. ನನ್ನ ಕೂಗು ನಂಬಿ ಸೂರ್ಯಪ್ರಕಾಶ ಕಟ್ಟಿದ್ದ ಹಣವೆಲ್ಲ ಮುಳುಗಿತು.

ಮರುದಿನ ರೈಲಿಳಿದ ಇವರನ್ನು ನೇರ ಅಂಗಡಿಗೆ ಕರೆಸಿದರು. ಗಂಡ ಹೆಂಡತಿ ಸೇರಿ ಎದುರು ಬಾಜಿ ಕಟ್ಟಿದವರಿಗೆ ಮಾರಿಕೊಂಡಿದ್ದೇವೆಂಬುದು ಆರೋಪ. ತಪ್ಪು ನನ್ನದೆಂದು ಸೂರ್ಯಪ್ರಕಾಶನ ಕಾಲು ಹಿಡಿದೆ. "ಹೆಂಗಸರ ಮೇಲೆ ನಾನು ಕೈ ಮಾಡೋದಿಲ್ಲಮ್ಮಾ" ಎಂದ. ಎಂಥ ಸಂಭಾವಿತ! ಅವನ ಆಳುಗಳಿಬ್ಬರು ಇವರ ಬಲಗೈಯನ್ನು ಹೊಸ್ತಿಲ ಕಲ್ಲಿಗೆ ಒತ್ತಿ ಹಿಡಿದರು. ಅವನೇ ಕೊಕ್ಕೆ ಹಾಕಿ ಷಟರನ್ನು ಕೈಯ ಮೇಲೆ ಎಳೆದ. ಮೂರು ಸಲ. ಮೊದಲ ಎರಡು ಸಲ ಇವರು ಕಿರುಚಿದರು. ಮೂರನೆಯ ಸಲ ಮೂಳೆಯ ಸದ್ದೊಂದೇ ಕೇಳಿತು. ಅವನು ಕೆಳಗೆ ಬಿಸಾಡಿದ ಆ ಕಬ್ಬಿಣದ ಕೊಕ್ಕೆಯನ್ನು ಎತ್ತಿ ಅವನ ಹಣೆಗೆ ಬೀಸಿದೆ. ರಕ್ತ ಟೈರುಗಳ ಮೇಲೆ ಚಿಮ್ಮಿತು. ನನಗೆ ಹಿತವಾಯಿತು ಸಾಹೇಬರೇ, ಸುಳ್ಳೇಕೆ ಹೇಳಲಿ? ಇನ್ನೊಂದು ಏಟಿಗೆ ಕೈಯೆತ್ತಿದ್ದೆ. ಆಗ ಇವರು ಕೆಳಗಿನಿಂದ, "ಹರಿಣೀ, ನನ್ನ ಕೈ ಇನ್ನೂ ಅದ ಏನ, ನೋಡು" ಎಂದರು. ಅವನು ಬದುಕಿಕೊಂಡ.

ನಿಮ್ಮ ಠಾಣೆಯಲ್ಲಿ ಅವನು ಹಣೆಗೆ ಪಟ್ಟಿ ಕಟ್ಟಿಕೊಂಡು, ಬಚ್ಚಲಲ್ಲಿ ಜಾರಿಬಿದ್ದೆ ಎಂದ. ಇವರ ಕೈಯ ಮೇಲೆ ಷಟರ್ ತಾನಾಗಿ ಬಿತ್ತೆಂದು ನೀವೇ ಹೇಳಿಬಿಟ್ಟಿರಿ. ನಿಮ್ಮ ಸರಹದ್ದಿನಲ್ಲಿ ಬಚ್ಚಲು, ಷಟರುಗಳೇ ಇಷ್ಟು ಪುಂಡಾಟ ಮಾಡುವಾಗ ಪೊಲೀಸರು ಯಾಕೆ? ನಾನೇ ಹೊಡೆದೆ, ಬೆಟ್ಟಿಂಗಿನಲ್ಲಿ ನಾನೂ ಇದ್ದೆ ಎಂದೆ. "ಹೆಂಗಸರಿಗೆ ಕೋರ್ಟು ಕಚೇರಿ ಯಾಕಮ್ಮಾ, ಮನೆಗೆ ಹೋಗಿ" ಎಂದಿರಿ. ಅವನದೂ ನಿಮ್ಮದೂ ಒಂದೇ ಸಭ್ಯತೆ.

ಇವರಿಗೆ ಅನ್ನ ಕಲಸಲು ಬರುವುದಿಲ್ಲ. ತುತ್ತು ನಾನೇ ಇಡುತ್ತೇನೆ. ಪ್ರತಿ ತುತ್ತಿಗೂ ಇವರು ಮುಖ ತಿರುಗಿಸಿ ನಾಚುತ್ತಾರೆ.

ನನ್ನ ಬೇಡಿಕೆ ಇಷ್ಟೇ. ಪ್ರಕರಣ ದಾಖಲಿಸಿ, ಒಂದನೇ ಆರೋಪಿಯಾಗಿ ನನ್ನ ಹೆಸರು ಬರೆದುಕೊಳ್ಳಿ. ನಾನು ಯಾರನ್ನು, ಯಾಕೆ ಹೊಡೆದೆನೆಂದು ಬರೆಯಲೇಬೇಕಲ್ಲ, ಎರಡನೆಯ ಸಾಲಿನಲ್ಲಿ ಅವನ ಹೆಸರು ಬರೆಯದೆ ನಿಮಗೆ ಬೇರೆ ದಾರಿ ಇರುವುದಿಲ್ಲ. ಸಾಕ್ಷ್ಯಕ್ಕೆ ಕೊಕ್ಕೆಯನ್ನು ಒರೆಸದೆ ಹಾಗೆಯೇ ಇಟ್ಟಿದ್ದೇನೆ. ಬರುವ ಸೋಮವಾರದೊಳಗೆ ಬಂದು ಒಯ್ಯಿರಿ. ಟೈರ್ ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ನೀವು ಬರದಿದ್ದರೆ ಕೊಕ್ಕೆಯನ್ನು ನಾನೇ ಅಲ್ಲಿಗೆ ಒಯ್ಯುತ್ತೇನೆ.

ಇಂತಿ,
ಯಾರೂ ಕೈ ಮಾಡದ, ಯಾರೂ ಬಂಧಿಸದ ಹೆಂಗಸು,
ಹರಿಣಿ ಶ್ರೀವತ್ಸ